ಮೂರು ಗಂಟೆಯ ಶಾಲೆ

ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಆಡುವ ಮಾತು ಒಂದೇ, ಹರಕೆ ಹೊರುವ ಮಾದಪ್ಪನೂ ಒಬ್ಬನೇ. ಆದರೂ 1953ರಲ್ಲಿ ಬೇಸಿಗೆ ರಜೆ ಮುಗಿದು ಶಾಲೆಗಳು ಬಾಗಿಲು ತೆರೆದಾಗ ಈ ಎರಡು ಊರುಗಳ ಸುತ್ತಲಿನ ಮಕ್ಕಳು ಎರಡು ಬೇರೆ ರಾಜ್ಯಗಳ ಮಕ್ಕಳಾಗಿದ್ದರು. ಯಳಂದೂರು ಮೈಸೂರು ರಾಜ್ಯದಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು, ಅಂದು ಅದರೊಳಗೇ ಇದ್ದ ಹನೂರಿನ ಸಮೇತ, ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ನಡೆದ ಹಂಚಿಕೆಯ ಗೆರೆ ಅದು. ನೂರೈವತ್ತು ವರ್ಷ ಕಳೆದರೂ ಅಳಿಸಿರಲಿಲ್ಲ.

ಆ ವರ್ಷ ಮದ್ರಾಸಿನ ಮುಖ್ಯಮಂತ್ರಿ ಸಿ. ರಾಜಗೋಪಾಲಾಚಾರಿಯವರ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಏರ್ಪಾಟು ತಂದಿತು. ಪಟ್ಟಣಗಳನ್ನು ಬಿಟ್ಟು ಹಳ್ಳಿಗಾಡಿನ ಶಾಲೆಗಳಲ್ಲಿ ಮಗು ದಿನಕ್ಕೆ ಮೂರು ಗಂಟೆ ಮಾತ್ರ ಕೂರಬೇಕು. ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಇನ್ನೊಂದು. ಉಳಿದ ಹೊತ್ತಿನಲ್ಲಿ ಹುಡುಗ ಅಪ್ಪನ ಬಳಿ ಅಪ್ಪನ ಕಸುಬು ಕಲಿಯಬೇಕು, ಹುಡುಗಿ ಅಮ್ಮನ ಬಳಿ ಮನೆಗೆಲಸ ಕಲಿಯಬೇಕು. ಕುಂಬಾರನ ಮಗ ತಿಗರಿಯ ಮುಂದೆ, ನೇಕಾರನ ಮಗ ಮಗ್ಗದ ಪಕ್ಕ. ಜೀತದವನ ಮಗ ಎಲ್ಲಿ? ಯೋಜನೆಯ ತೊಡಕೆಲ್ಲ ಈ ಕೊನೆಯ ಪ್ರಶ್ನೆಯಲ್ಲಿತ್ತು.

ರಾಜಾಜಿಯವರಿಗೆ ಕಾರಣಗಳಿಲ್ಲದೆ ಇರಲಿಲ್ಲ. ಬೊಕ್ಕಸದಲ್ಲಿ ಹಣವಿರಲಿಲ್ಲ, ಕಟ್ಟಡಗಳಿರಲಿಲ್ಲ, ಮೇಷ್ಟ್ರುಗಳು ಸಾಲುತ್ತಿರಲಿಲ್ಲ. ಒಂದೇ ಕೊಠಡಿಯಲ್ಲಿ ಎರಡು ಪಾಳಿ ನಡೆಸಿದರೆ ಮಕ್ಕಳ ಸಂಖ್ಯೆ ಇಮ್ಮಡಿಯಾಗುತ್ತದೆ ಎಂಬುದು ಸರಳ ಲೆಕ್ಕ. ಲೆಕ್ಕದ ಹಿಂದೆ ಒಂದು ನಂಬಿಕೆಯೂ ಇತ್ತು. ದಿನವಿಡೀ ಬೆಂಚಿನ ಮೇಲೆ ಕೂತ ಹಳ್ಳಿಯ ಮಗು ಮೈಬಗ್ಗಿಸಿ ದುಡಿಯುವುದನ್ನು ಮರೆಯುತ್ತದೆ, ಅಪ್ಪನ ಕೈಕೆಸರನ್ನು ಕಂಡು ಮೂಗು ಮುರಿಯುತ್ತದೆ, ಅತ್ತ ಗುಮಾಸ್ತನೂ ಆಗದೆ ಇತ್ತ ರೈತನೂ ಆಗದೆ ನಡುವೆ ನಿಲ್ಲುತ್ತದೆ ಎಂಬ ನಂಬಿಕೆ. ಈ ಮಾತು ಇಂದಿಗೂ ಹನೂರಿನ ಸಂತೆಯಲ್ಲೋ ಯಳಂದೂರಿನ ಬಸ್ ನಿಲ್ದಾಣದಲ್ಲೋ ಹಿರಿಯರ ಬಾಯಲ್ಲಿ ಕೇಳಿಬರುವಂಥದ್ದೇ.

ಆದರೆ ವಿರೋಧ ಕಾಳ್ಗಿಚ್ಚಿನಂತೆ ಹಬ್ಬಿತು. ಪೆರಿಯಾರ್ ರಾಮಸ್ವಾಮಿ ಮತ್ತು ಡಿಎಂಕೆಯವರು ಇದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದರು. ಅಪ್ಪನ ಕಸುಬೆಂದರೆ ಈ ದೇಶದಲ್ಲಿ ಅಪ್ಪನ ಜಾತಿ. ಅರ್ಧ ದಿನ ಶಾಲೆ, ಅರ್ಧ ದಿನ ಜಾತಿ ಎಂದಾಯಿತಲ್ಲ ಎಂಬುದು ಅವರ ತಕರಾರು. ಕಾಂಗ್ರೆಸ್ಸಿನೊಳಗೂ ಅಸಮಾಧಾನ ಬೆಳೆಯಿತು. 1954ರ ಏಪ್ರಿಲ್‌ನಲ್ಲಿ ರಾಜಾಜಿ ಕೆಳಗಿಳಿದರು, ಕಾಮರಾಜ್ ಬಂದರು, ಮೇ ತಿಂಗಳಲ್ಲಿ ಯೋಜನೆ ರದ್ದಾಯಿತು. ಒಂದೇ ಒಂದು ಶಾಲಾ ವರ್ಷದ ಆಯುಸ್ಸು. ಮುಂದೆ 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದು ಸೇರಿತು. ತಮಿಳುನಾಡಿನ ರಾಜಕೀಯದಲ್ಲಿ ಆ ಯೋಜನೆಯ ಹೆಸರು ಇಂದಿಗೂ ಬೈಗುಳದಂತೆ ಬಳಕೆಯಲ್ಲಿದೆ. ಕನ್ನಡ ನಾಡಿನ ಒಂದು ತಾಲ್ಲೂಕೂ ಅದರ ಅಧಿಕಾರದ ವ್ಯಾಪ್ತಿಯಲ್ಲಿತ್ತು ಎಂಬುದು ಮಾತ್ರ ಇಲ್ಲಿ ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ.

ಈ ಹಳೆಯ ಜಗಳವನ್ನು ಈಗ ಕೆದಕುವುದಕ್ಕೆ ಕಾರಣವಿದೆ. ಆರರಿಂದ ಹನ್ನೆರಡು ವರ್ಷದ ಮಗುವಿನ ಮನಸ್ಸು ಹೇಗೆ ಬೆಳೆಯುತ್ತದೆ, ಸರಿ-ತಪ್ಪಿನ ಅರಿವು ಅದಕ್ಕೆ ಎಲ್ಲಿಂದ ಬರುತ್ತದೆ, ತನ್ನ ಮೇಲೆ ತನಗೆ ಭರವಸೆ ಯಾವಾಗ ಹುಟ್ಟುತ್ತದೆ ಎಂಬ ಪ್ರಶ್ನೆಗಳನ್ನು ಮನಶ್ಶಾಸ್ತ್ರಜ್ಞರು ಕೇಳಿಕೊಂಡಿದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಎರಿಕ್ ಎರಿಕ್ಸನ್ ಎಂಬ ಅಮೆರಿಕದ ವಿದ್ವಾಂಸ, ಮುಂದೆ ಗಾಂಧೀಜಿಯ ಅಹಮದಾಬಾದ್ ಗಿರಣಿ ಮುಷ್ಕರದ ಮೇಲೆ ಇಡೀ ಪುಸ್ತಕ ಬರೆದವನು, 1950ರಲ್ಲಿ ಬಾಲ್ಯವನ್ನು ಕುರಿತ ತನ್ನ ಗ್ರಂಥ ಪ್ರಕಟಿಸಿದ. ಶಾಲೆಯ ವಯಸ್ಸಿನ ಮಗುವಿಗೆ ಇರುವ ದೊಡ್ಡ ಹಸಿವೆಂದರೆ ಏನನ್ನಾದರೂ ಮಾಡಿ ಮುಗಿಸುವ ಹಸಿವು ಎಂದು ಆತ ವಾದಿಸಿದ. ಬುಟ್ಟಿ ಹೆಣೆಯಲಿ, ಲೆಕ್ಕ ಬಿಡಿಸಲಿ, ‘ನನ್ನ ಕೈಯಲ್ಲಿ ಇದಾಯಿತು’ ಅನ್ನಿಸಬೇಕು. ಅನ್ನಿಸದಿದ್ದರೆ ಕೀಳರಿಮೆ ಬೇರು ಬಿಡುತ್ತದೆ. ಪ್ರಪಂಚದ ಎಲ್ಲ ಸಮಾಜಗಳೂ ಈ ವಯಸ್ಸಿನಲ್ಲೇ ಮಗುವಿಗೆ ಕ್ರಮವಾಗಿ ಏನನ್ನಾದರೂ ಕಲಿಸಲು ಆರಂಭಿಸುತ್ತವೆ, ಅದಕ್ಕೆ ಶಾಲೆಯೇ ಬೇಕೆಂದಿಲ್ಲ, ದೊಡ್ಡ ಮಕ್ಕಳೂ ಚಿಕ್ಕವರಿಗೆ ಕಲಿಸುತ್ತಾರೆ ಎಂದೂ ಆತ ಗುರುತಿಸಿದ.

ಇಷ್ಟು ಓದಿದರೆ ರಾಜಾಜಿಯವರ ಪರವಾಗಿ ಸಾಕ್ಷಿ ಸಿಕ್ಕಿತು ಅನ್ನಿಸಬಹುದು. ಆದರೆ ಎರಿಕ್ಸನ್ ಅಲ್ಲಿಗೇ ನಿಲ್ಲಲಿಲ್ಲ. ತನ್ನ ಬೆಲೆಯನ್ನು ಕಟ್ಟುವುದು ತನ್ನ ಕಲಿಯುವ ಮನಸ್ಸಲ್ಲ, ತನ್ನ ಮೈಬಣ್ಣ ಅಥವಾ ಹೆತ್ತವರ ಹಿನ್ನೆಲೆ ಎಂದು ಮಗುವಿಗೆ ತಿಳಿದುಹೋದ ದಿನ ಆಗುವ ಗಾಯ ಬಲು ಆಳವಾದದ್ದು ಎಂದೂ ಆತ ಎಚ್ಚರಿಸಿದ. ಮೂರು ಗಂಟೆಯ ಶಾಲೆ ಎಡವಿದ್ದು ಇಲ್ಲೇ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲ ಶಿಕ್ಷಣದಲ್ಲೂ ಕೈಕಸುಬಿತ್ತು. ಆದರೆ ಅಲ್ಲಿ ಕಸುಬು ಶಾಲೆಯೊಳಗೆ ಇತ್ತು, ಎಲ್ಲ ಜಾತಿಯ ಮಕ್ಕಳೂ ಒಂದೇ ತಕಲಿ ಹಿಡಿಯಬೇಕಿತ್ತು. ಮದ್ರಾಸಿನ ಯೋಜನೆ ಕಸುಬನ್ನು ಶಾಲೆಯಿಂದ ಹೊರಗಿಟ್ಟು, ಪ್ರತಿಯೊಬ್ಬ ಮಗುವನ್ನೂ ಅವನವನ ಕೇರಿಗೆ ವಾಪಸು ಕಳುಹಿಸಿತು.

ಹಾಗೆಂದು ಅದಕ್ಕೂ ಹಿಂದಿನ ಶಾಲೆಗಳು ಸ್ವರ್ಗವಾಗಿದ್ದವೇ? ಇಲ್ಲ. 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ತನ್ನ ಎಲ್ಲ ಕಲೆಕ್ಟರುಗಳಿಂದ ನಾಡಶಾಲೆಗಳ ಲೆಕ್ಕ ತರಿಸಿದ. ಕೊಳ್ಳೇಗಾಲ ಸೇರಿದ್ದ ಕೊಯಮತ್ತೂರು ಜಿಲ್ಲೆಗೆ ಆಗ ಕಲೆಕ್ಟರ್ ಆಗಿದ್ದವನು ಜಾನ್ ಸಲಿವನ್, ಊಟಿಯನ್ನು ಕಟ್ಟಿದ ಅದೇ ಮನುಷ್ಯ. ಅವನೂ ಲೆಕ್ಕ ಕಳುಹಿಸಿದ. 1826ರಲ್ಲಿ ಮನ್ರೋ ಒಟ್ಟು ಮಾಡಿ ನೋಡಿದಾಗ ಇಡೀ ಪ್ರಾಂತ್ಯದಲ್ಲಿ 12,498 ಶಾಲೆಗಳಿದ್ದವು. ಸುಮಾರು ಸಾವಿರ ಜನರಿಗೆ ಒಂದು. ಇವು ನಮ್ಮ ಅಜ್ಜಂದಿರ ಮಾತಿನಲ್ಲಿ ಕೂಲಿಮಠಗಳು. ಊರಿನ ಜಗಲಿಯಲ್ಲೋ ಗುಡಿಯ ಮಂಟಪದಲ್ಲೋ ಐಗಳು ಕೂರುತ್ತಿದ್ದರು, ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಕೂಗುತ್ತಿದ್ದರು.

ಆ ಲೆಕ್ಕಗಳ ಪೈಕಿ ತುಂಬ ಸ್ವಾರಸ್ಯವಾದ ವರದಿ ಬಂದದ್ದು ಇನ್ನೊಂದು ಕನ್ನಡ ಸೀಮೆಯಿಂದ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್‌ನಿಂದ. ಬೆಳಗಿನ ಜಾವ ಮಠಕ್ಕೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದಾಚೆಗೆ ಬಂದವರಿಗೆ ಒಂದೊಂದು ಹೆಚ್ಚು. ಸೋಮಾರಿಗೆ ಬಸ್ಕಿ; ತೀರಾ ಹಟಮಾರಿಯನ್ನು ಎರಡೂ ಕೈ ಕಟ್ಟಿ ಸೂರಿನಿಂದ ತೂಗುಹಾಕುವುದು. ಕನ್ನಡದಲ್ಲಿ ಇದಕ್ಕೆ ಕೋದಂಡ ಎಂದು ಹೆಸರು, ಹಳಬರ ನೆನಪುಗಳಲ್ಲಿ ಆ ಪದ ಸಾಮಾನ್ಯ. ನೀತಿಯ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅವುಗಳ ಅರ್ಥ ಕಲಿಯುವವನಿಗೂ ಗೊತ್ತಿರಲಿಲ್ಲ, ಕಲಿಸುವವನಿಗೂ ಗೊತ್ತಿರಲಿಲ್ಲ ಎಂದು ಕ್ಯಾಂಪ್‌ಬೆಲ್ ದೂರುತ್ತಾನೆ. ಬಿಳಿಯ ಅಧಿಕಾರಿಯ ಮಾತಿನಲ್ಲಿ ಸ್ವಲ್ಪ ಅಹಂಕಾರ ಇದ್ದೀತು. ಆದರೆ ಗಿಳಿಪಾಠದ ಬಗ್ಗೆ ಅವನು ಆಡಿದ ಮಾತು ಸುಳ್ಳೆನ್ನಲು ನಮ್ಮ ಇಂದಿನ ಶಾಲೆಗಳನ್ನು ಕಂಡವರಿಗೂ ಬಾಯಿ ಬಾರದು.

ಅದೇ ಮಠಗಳಲ್ಲಿ ಒಂದು ಒಳ್ಳೆಯ ಪದ್ಧತಿಯೂ ಇತ್ತು. ಮುಂದೆ ಹೋದ ಹುಡುಗರು ಹಿಂದೆ ಉಳಿದವರಿಗೆ ಕಲಿಸುತ್ತಿದ್ದರು. ಮದ್ರಾಸಿನ ಎಗ್ಮೋರಿನಲ್ಲಿ ಅನಾಥಾಲಯ ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಕ್ರಮವನ್ನು ಕಂಡು, ಇಂಗ್ಲೆಂಡಿಗೆ ಒಯ್ದು, ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲೇ ಹರಡಿದ. ಎಂಟು ವರ್ಷದವನು ಆರು ವರ್ಷದವನ ಬೆರಳು ಹಿಡಿದು ಮರಳಿನಲ್ಲಿ ತಿದ್ದಿಸುವಾಗ ಅವನಲ್ಲಿ ತಾಳ್ಮೆ, ಹೊಣೆ, ಸ್ವಲ್ಪ ಹೆಮ್ಮೆ ಎಲ್ಲವೂ ಒಟ್ಟಿಗೇ ಮೂಡುತ್ತವೆ. ಬಾಯಿಪಾಠದ ಶತಕಗಳು ಮಾಡದ ಕೆಲಸ ಇದು. ಜಗಲಿಯ ಮೇಲೆ ಕೂರಲು ಯಾರಿಗೆ ಅವಕಾಶವಿತ್ತು, ಯಾರು ಜಗಲಿಯ ಕೆಳಗೂ ನಿಲ್ಲುವಂತಿರಲಿಲ್ಲ ಎಂಬುದು ಬೇರೆ ಮಾತು. ಆ ಕಥೆ ಎಲ್ಲರಿಗೂ ಗೊತ್ತು.

ಇತ್ತ ಯಳಂದೂರಿಗೆ ಬಂದರೆ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಈ ಪುಟ್ಟ ಊರಿಗೆ ನೀತಿ ಬೋಧನೆಯ ಚರಿತ್ರೆಯಲ್ಲಿ ಎರಡು ದೊಡ್ಡ ಹೆಸರುಗಳಿವೆ. ಎರಡೂ ಹದಿನೇಳನೆಯ ಶತಮಾನದವು. ಒಬ್ಬಳು ಸಂಚಿಯ ಹೊನ್ನಮ್ಮ. ಯಳಂದೂರಿನಿಂದ ಮೈಸೂರಿಗೆ ಸೊಸೆಯಾಗಿ ಹೋದ ದೇವಾಜಮ್ಮಣ್ಣಿಯ ಜೊತೆ, ಎಲೆಯಡಿಕೆಯ ಸಂಚಿ ಹೊತ್ತು ಚಿಕ್ಕದೇವರಾಜ ಒಡೆಯರ ಅರಮನೆ ಸೇರಿದ ಹುಡುಗಿ. ಊಳಿಗದವಳಾಗಿಯೇ ಅವಳ ಬದುಕು ಮುಗಿಯಬೇಕಿತ್ತು. ಆದರೆ ಆಸ್ಥಾನದ ಸಿಂಗರಾರ್ಯ ಅವಳಿಗೆ ಕಲಿಸಿದ, ಅವಳಲ್ಲಿ ಕವಿಯನ್ನು ಕಂಡ. ಅವಳು ಬರೆದ ‘ಹದಿಬದೆಯ ಧರ್ಮ’ ಬಹುಪಾಲು ಪತಿವ್ರತೆಯ ಕಟ್ಟಳೆಗಳ ಪುಸ್ತಕ. ಇಂದಿನ ಹುಡುಗಿಯರು ಓದಿದರೆ ಹುಬ್ಬು ಗಂಟಿಕ್ಕುವಂಥದ್ದು ಅದರಲ್ಲಿ ಬೇಕಾದಷ್ಟಿದೆ. ಆದರೆ ಅದರ ನಡುವೆಯೇ ಹೆಣ್ಣುಮಗುವನ್ನು ಹಳಿಯುವವರನ್ನು ಅವಳು ತರಾಟೆಗೆ ತೆಗೆದುಕೊಂಡ ಪದ್ಯವಿದೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದನ್ನು ನೆನಪಿಸಬೇಕಾಗಿಲ್ಲ.

ಇನ್ನೊಬ್ಬ, ಯಳಂದೂರಿನಲ್ಲಿ ನೆಲೆಸಿದ್ದ ಷಡಕ್ಷರದೇವ. ಅವನ ‘ರಾಜಶೇಖರ ವಿಳಾಸ’ದ ತಿರುಳು ಒಂದು ಅಪಘಾತ. ರಾಜಕುಮಾರನೂ ಗೆಳೆಯನೂ ಕುದುರೆ ಏರಿ ರಾಜಬೀದಿಯಲ್ಲಿ ಹೋಗುವಾಗ ಒಂದು ಮಗು ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತದೆ. ತಾಯಿ ಬಂದು ನ್ಯಾಯ ಕೇಳುತ್ತಾಳೆ. ದೊರೆ ಸತ್ಯೇಂದ್ರಚೋಳ ತನ್ನ ಮಗನೆಂದು ನೋಡದೆ ಮರಣದಂಡನೆ ಕೊಡುತ್ತಾನೆ, ಕಡೆಗೆ ಶಿವ ಬಂದು ಸತ್ತವರನ್ನು ಎಬ್ಬಿಸುತ್ತಾನೆ. ಕೊಲ್ಲುವ ಮನಸ್ಸಿಲ್ಲದೆ ಆದ ಕೊಲೆಗೆ ಶಿಕ್ಷೆ ಎಷ್ಟು ಎಂಬ ಪ್ರಶ್ನೆಯನ್ನು ಕವಿ ದೇವರ ಕೈಯಲ್ಲಿ ಬಿಡಿಸಿದ.

ಮಕ್ಕಳ ಕೈಗೆ ಇದೇ ಪ್ರಶ್ನೆಯನ್ನು ಕೊಟ್ಟು ನೋಡಿದವನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. 1932ರಲ್ಲಿ ಪ್ರಕಟವಾದ ಅವನ ಅಧ್ಯಯನದಲ್ಲಿ ಎರಡು ಪುಟ್ಟ ಕಥೆಗಳಿವೆ. ಊಟಕ್ಕೆ ಕರೆದರೆಂದು ಬಾಗಿಲು ನೂಕಿದ ಹುಡುಗನಿಗೆ ಬಾಗಿಲ ಹಿಂದೆ ತಟ್ಟೆ ಇದ್ದುದು ಗೊತ್ತಿಲ್ಲ. ಹದಿನೈದು ಬಟ್ಟಲು ಒಡೆದವು. ಇನ್ನೊಬ್ಬ ಅಮ್ಮ ಇಲ್ಲದಾಗ ಜಾಮ್ ಕದಿಯಲು ಹೋಗಿ ಒಂದು ಬಟ್ಟಲು ಒಡೆದ. ಯಾರದು ದೊಡ್ಡ ತಪ್ಪು? ಆರೇಳು ವರ್ಷದ ಮಕ್ಕಳಲ್ಲಿ ಹಲವರು ಹದಿನೈದು ಒಡೆದವನದು ಎಂದರು. ಒಂಬತ್ತು ಹತ್ತು ದಾಟಿದವರು ಕದಿಯಲು ಹೋದವನದು ಎಂದರು. ಒಳಗಿನ ಉದ್ದೇಶವನ್ನು ನೋಡುವ ಕಣ್ಣು ಹುಟ್ಟಿನಿಂದ ಬರುವುದಿಲ್ಲ, ನಿಧಾನವಾಗಿ ತೆರೆಯುತ್ತದೆ.

ಅದು ತೆರೆಯುವುದು ಎಲ್ಲಿ? ಪಿಯಾಜೆ ಬೀದಿಗಿಳಿದು ಮಕ್ಕಳ ಜೊತೆ ಗೋಲಿ ಆಡಿದ. ಚಿಕ್ಕ ಮಕ್ಕಳಿಗೆ ಆಟದ ನಿಯಮವೆಂದರೆ ದೊಡ್ಡವರು ಕೊಟ್ಟ ಶಾಸನ, ಮುಟ್ಟಿದರೆ ಪಾಪ. ಹತ್ತು ಹನ್ನೊಂದರ ಹೊತ್ತಿಗೆ, ಎಲ್ಲರೂ ಒಪ್ಪಿದರೆ ನಿಯಮ ಬದಲಾಯಿಸಬಹುದು ಎಂಬುದು ಅವರಿಗೆ ಹೊಳೆಯುತ್ತದೆ. ಕೊಳ್ಳೇಗಾಲದ ಬೀದಿಗಳಲ್ಲಿ ಗೋಲಿ, ಚಿಣ್ಣಿದಾಂಡು, ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ಇದು ಹೊಸದಲ್ಲ. ‘ಇದು ನಡೆಯಲ್ಲ’, ‘ನೀನೇ ತಾನೆ ಒಪ್ಪಿದ್ದು’, ‘ಅವನು ಚಿಕ್ಕವನು, ಇನ್ನೊಂದು ಸಲ ಬಿಡು’ — ಈ ಜಗಳಗಳಲ್ಲೇ ನ್ಯಾಯ ಹುಟ್ಟುತ್ತದೆ ಎಂದ ಪಿಯಾಜೆ. ಹಿರಿಯರು ಬೆತ್ತ ಹಿಡಿದು ಹೇಳಿಕೊಟ್ಟ ನೀತಿಗಿಂತ ಸಮಾನರ ನಡುವೆ ಚೌಕಾಸಿ ಮಾಡಿ ಕಲಿತ ನೀತಿ ಗಟ್ಟಿ ಎಂಬುದು ಅವನ ತೀರ್ಮಾನ. ಸಮಾನರು ಎಂಬ ಪದವನ್ನು ಮಾತ್ರ ಒತ್ತಿ ಓದಬೇಕು. ಕೇರಿ ಕೇರಿಗೆ ಬೇರೆ ಬೇರೆ ಗೋಲಿ ಆಟ ನಡೆಯುವ ಊರಿನಲ್ಲಿ ಮಗು ಕಲಿಯುವ ನ್ಯಾಯವೂ ಕೇರಿಯ ಗಡಿಗೇ ನಿಂತುಬಿಡಬಹುದು. ಕೊಠಡಿಯಲ್ಲಿ ಎಲ್ಲ ಕೇರಿಯ ಮಕ್ಕಳನ್ನೂ ಒಟ್ಟಿಗೆ ಕೂರಿಸುವ ಶಾಲೆಯ ಉಪಕಾರ ಪಾಠಕ್ಕಿಂತ ಹೆಚ್ಚಾಗಿ ಇದರಲ್ಲಿದೆ. ಮೂರು ಗಂಟೆಗೆ ಇಳಿಸಿದ್ದು ಆ ಹೊತ್ತನ್ನೇ.

ಆದರೆ ಈ ಮೂರು ತಾಲ್ಲೂಕುಗಳಲ್ಲಿ ಶಾಲೆಯ ಬಾಗಿಲಿಗೇ ಬಾರದ ಮಕ್ಕಳ ಇನ್ನೊಂದು ಲೋಕವಿತ್ತು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರದು. ಅವರ ಪೋಡುಗಳಲ್ಲಿ ಅಪ್ಪ-ಅಮ್ಮನ ಹಿಂದೆ ಕಾಡು ತಿರುಗುವುದೇ ಮಗುವಿಗೆ ವಿದ್ಯಾಭ್ಯಾಸ. ಯಾವ ಗೆಡ್ಡೆಯನ್ನು ಎಷ್ಟು ಅಗೆಯಬೇಕು, ಎಷ್ಟು ಉಳಿಸಬೇಕು, ಹೆಜ್ಜೇನಿನ ಹುಟ್ಟನ್ನು ಪೂರ್ತಿ ಕೊಯ್ಯದೆ ಹುಳುಗಳಿಗೆ ಯಾಕೆ ಬಿಡಬೇಕು, ಹುಲಿಯನ್ನು ಹುಲಿವೀರಪ್ಪನೆಂದು ಯಾಕೆ ಕೈಮುಗಿಯಬೇಕು, ಇವೆಲ್ಲ ಏಕಕಾಲಕ್ಕೆ ಕಸುಬಿನ ಪಾಠ, ನೀತಿಯ ಪಾಠ. ಇಲ್ಲಿ ಅಪ್ಪನ ಕಸುಬು ಕಲಿಯುವುದರಲ್ಲಿ ಮೇಲು-ಕೀಳಿನ ಅವಮಾನವಿರಲಿಲ್ಲ, ಪೋಡಿನಲ್ಲಿ ಎಲ್ಲರ ಕಸುಬೂ ಅದೇ. ರಾಜಾಜಿಯವರ ಕನಸು ಎಲ್ಲಾದರೂ ನಿಜವಾಗಿದ್ದರೆ ಅದು ಇಲ್ಲಿ, ಅದೂ ಯಾವ ಸರ್ಕಾರದ ಆಜ್ಞೆಯೂ ಇಲ್ಲದೆ.

ಆಜ್ಞೆ ಬಂದದ್ದು ಅದನ್ನು ಮುರಿಯುವುದಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1974ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡನ್ನು ವನ್ಯಧಾಮವೆಂದು ಸಾರಿದ ಆದೇಶ, ಇವುಗಳ ಬೆನ್ನಲ್ಲೇ ಬೇಟೆ ನಿಂತಿತು, ಕಾಡು ಕಡಿದು ರಾಗಿ ಬಿತ್ತುವ ಬೇಸಾಯ ನಿಂತಿತು, ಹಲವು ಪೋಡುಗಳು ಜಾಗ ಬದಲಿಸಿದವು. ಬೇಸಿಗೆಯ ಮೊದಲು ಉದುರಿದ ಎಲೆಗೆ ಸಣ್ಣಗೆ ಕಿಚ್ಚು ಹಚ್ಚಿ ನೆಲ ಹಸನು ಮಾಡುವ ತರಗು ಬೆಂಕಿಯೂ ಅಪರಾಧವಾಯಿತು. ಅಜ್ಜ ಮಾಡುತ್ತಿದ್ದ ಕರ್ತವ್ಯ ಮೊಮ್ಮಗನ ಕಾಲಕ್ಕೆ ಕೇಸು. ಹತ್ತು ವರ್ಷದ ಹುಡುಗ ಯಾರ ಮಾತನ್ನು ಸರಿಯೆಂದು ನಂಬಬೇಕು? ಕಾನೂನನ್ನು ಗೌರವಿಸಬೇಕೆಂದು ಪಾಠದ ಪುಸ್ತಕ ಹೇಳುತ್ತದೆ. ಅಜ್ಜನನ್ನೂ ಗೌರವಿಸಬೇಕೆಂದು ಅದೇ ಪುಸ್ತಕದ ಮುಂದಿನ ಪಾಠ ಹೇಳುತ್ತದೆ.

ಈ ಹೊತ್ತಿಗೆ ಬೆಟ್ಟಕ್ಕೆ ಬಂದವರು ಯುವ ವೈದ್ಯ ಡಾ. ಎಚ್. ಸುದರ್ಶನ್. ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಮದ್ದು ಕೊಡುವುದರಿಂದ ಮೊದಲಾಗಿ ಸೋಲಿಗ ಮಕ್ಕಳ ಶಾಲೆಯಾಗಿಯೂ ಬೆಳೆಯಿತು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಅವರಿಗೆ ಬಂದವು. ಪ್ರಶಸ್ತಿಗಳಿಗಿಂತ ಮುಖ್ಯವಾದದ್ದು, ಅಕ್ಷರದ ಜೊತೆ ಕೈಕಸುಬು, ಸೋಲಿಗರದೇ ಹಾಡು-ಕುಣಿತಗಳಿಗೂ ಶಾಲೆಯೊಳಗೆ ಜಾಗ ಕೊಟ್ಟದ್ದು. ಗೊರುಕನ ಹಾಡು ವೇದಿಕೆಯ ಮೇಲೆ ಬಂದಾಗ ಮಗುವಿಗೆ ಸಿಗುವ ಪಾಠ ಯಾವ ಪಠ್ಯದಲ್ಲೂ ಇಲ್ಲ: ನಮ್ಮ ಮನೆಯಲ್ಲಿ ಇರುವುದಕ್ಕೂ ಬೆಲೆಯಿದೆ.

ಆದರೂ ವಸತಿ ಶಾಲೆ ವಸತಿ ಶಾಲೆಯೇ. ಅದು ಖಾಸಗಿ ಸಂಸ್ಥೆಯದಿರಲಿ, ಸರ್ಕಾರದ ಆಶ್ರಮ ಶಾಲೆಯಿರಲಿ, ಆರು ವರ್ಷದ ಮಗು ಪೋಡು ಬಿಟ್ಟು ಬರುತ್ತದೆ. ಕಾಡು ಕಲಿಯುವ ವಯಸ್ಸೂ ಅಕ್ಷರ ಕಲಿಯುವ ವಯಸ್ಸೂ ಒಂದೇ ಆದದ್ದು ದುರದೃಷ್ಟ. ಸೋಲಿಗರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಹತ್ತಿರವಾದ್ದರಿಂದಲೇ ಅದನ್ನು ಬೇರೆ ನುಡಿಯೆಂದು ಎಣಿಸದೆ ತಪ್ಪು ಕನ್ನಡವೆಂದು ನಗುವುದು ಸುಲಭ. ತರಗತಿಯಲ್ಲಿ ಒಮ್ಮೆ ನಗೆಗೀಡಾದ ಮಗು ಆಮೇಲೆ ಬಾಯಿ ಬಿಡುವುದಿಲ್ಲ. ಸೋಲಿಗರ ಮಕ್ಕಳು ನಾಚಿಕೆ ಸ್ವಭಾವದವರು ಎಂದು ಹೊರಗಿನವರು ಹೇಳುವ ಮಾತಿನಲ್ಲಿ ಸ್ವಭಾವ ಎಷ್ಟು, ಅವಮಾನ ಎಷ್ಟು ಎಂದು ಅಳೆದವರಾರು?

ಹನೂರಿನ ಕಡೆಯ ಮಕ್ಕಳಿಗೆ ನಾಚಿಕೆಗಿಂತ ದೊಡ್ಡ ತೊಂದರೆ ಬಂದದ್ದು ಭಯದಿಂದ. ವೀರಪ್ಪನ್ ಹುಟ್ಟಿದ ಗೋಪಿನಾಥಂ ಇಂದಿನ ಹನೂರು ತಾಲ್ಲೂಕಿನ ಊರು. ಅಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಮನೆಗಳನ್ನು ಕಟ್ಟಿಸಿಕೊಟ್ಟು, ಚಿಕಿತ್ಸಾಲಯ ತೆರೆದು, ಮಾರಿಯಮ್ಮನ ಗುಡಿಯನ್ನೂ ಎಬ್ಬಿಸಿ ಜನರ ಜೊತೆ ಬೆರೆತಿದ್ದರು. 1991ರ ನವೆಂಬರ್ 10ರಂದು ಶರಣಾಗುತ್ತೇನೆಂದು ಕರೆಸಿ ವೀರಪ್ಪನ್ ಅವರನ್ನು ಕೊಂದ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿಯಿತು. ಆಮೇಲೆ ಕಾರ್ಯಪಡೆಗಳ ಬೂಟಿನ ಸದ್ದು. ಕಾಡಿನೊಳಗೆ ಒಬ್ಬನ ಭಯ, ರಸ್ತೆಯಲ್ಲಿ ಇನ್ನೊಬ್ಬರ ಭಯ. ಪೊಲೀಸರ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು; 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು.

1991ರಲ್ಲಿ ಒಂದನೇ ತರಗತಿಗೆ ಸೇರಿದ ಮಗು 2004ರಲ್ಲಿ ಹತ್ತೊಂಬತ್ತರ ಯುವಕ. ಶಾಲೆಯ ಅಷ್ಟೂ ವರ್ಷಗಳು ಈ ನಡುವೆಯೇ ಕಳೆದವು. ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್ 1958ರಿಂದ ಮುಂದಕ್ಕೆ ನಡೆಸಿದ ಅಧ್ಯಯನಗಳಲ್ಲಿ ಮಗುವಿನ ನೀತಿಪ್ರಜ್ಞೆಗೆ ಮೆಟ್ಟಿಲುಗಳನ್ನು ಎಣಿಸಿದ: ಮೊದಲು ಶಿಕ್ಷೆಯ ಭಯ, ಆಮೇಲೆ ಲಾಭದ ಲೆಕ್ಕ, ಆಮೇಲೆ ಒಳ್ಳೆಯವನೆನಿಸಿಕೊಳ್ಳುವ ಆಸೆ, ಆಮೇಲೆ ಕಾನೂನಿನ ಗೌರವ, ಹೀಗೆ. ಶಿಕ್ಷೆ ಯಾವ ಕಡೆಯಿಂದ, ಯಾವ ತಪ್ಪಿಗೆ ಬರುತ್ತದೆಂದೇ ತಿಳಿಯದ ಊರಿನಲ್ಲಿ ಈ ಮೆಟ್ಟಿಲು ಹತ್ತುವುದು ಹೇಗೆ? ಆದರೆ ಗೋಪಿನಾಥಂನ ಜನ ಶ್ರೀನಿವಾಸ್ ಅವರನ್ನು ಮರೆಯಲಿಲ್ಲ. ಅವರೇ ಕಟ್ಟಿಸಿದ ಗುಡಿಯಲ್ಲಿ ಅವರ ಚಿತ್ರವಿಟ್ಟರು. ಕೊಂದವನೂ ತಮ್ಮೂರಿನವನೇ ಎಂದು ಬಲ್ಲ ಮಕ್ಕಳು ಆ ಚಿತ್ರಕ್ಕೆ ಕೈಮುಗಿಯುವುದನ್ನು ಕೋಲ್‌ಬರ್ಗ್‌ನ ಯಾವ ಮೆಟ್ಟಿಲ ಮೇಲೆ ಇಡಬೇಕೋ ತಿಳಿಯದು.

ಇತ್ತೀಚಿನ ಕಾನೂನುಗಳ ಕಥೆ ಚಿಕ್ಕದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಆರಂಭವಾಗಿ, ಮೇಷ್ಟ್ರು ಕುರ್ಚಿ ಬಿಟ್ಟು ಮಕ್ಕಳ ಗುಂಪಿನ ನಡುವೆ ನೆಲಕ್ಕೆ ಬಂದು ಕೂತರು; ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೊಠಡಿಯಲ್ಲಿ ಒಬ್ಬರಿಂದೊಬ್ಬರು ಕಲಿಯುವುದನ್ನು ಕಂಡರೆ ಆಂಡ್ರೂ ಬೆಲ್‌ಗೆ ಗುರುತು ಸಿಕ್ಕೀತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಕೋದಂಡ ಇತಿಹಾಸಕ್ಕೆ ಸರಿಯಿತು, ನಗೆಯಾಡಿ ಬಾಯಿ ಮುಚ್ಚಿಸುವುದು ಮಾನಸಿಕ ಹಿಂಸೆಯ ಲೆಕ್ಕಕ್ಕೆ ಬರುತ್ತದೆಂದು ಇನ್ನೂ ಎಲ್ಲರಿಗೂ ಹೊಳೆದಂತಿಲ್ಲ. ಊರುಗಳ ವಿಳಾಸವೂ ಬದಲಾಗಿದೆ: 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, 2018ರಲ್ಲಿ ಹನೂರು ಬೇರೆಯೇ ತಾಲ್ಲೂಕಾಯಿತು.

ಬೆಟ್ಟದಲ್ಲಿ ಮಾತ್ರ ಒಂದು ಬೇರೆಯೇ ಕೆಲಸ ನಡೆದಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಸೋಲಿಗರು ತಮ್ಮ ಹಕ್ಕನ್ನು ಕಾಗದದ ಮೇಲೆ ತೋರಿಸಬೇಕಾಯಿತು. ಯಾವ ಕುಲದ ಯಲ್ಲೆ ಎಲ್ಲಿಂದ ಎಲ್ಲಿಯವರೆಗೆ, ಅದರೊಳಗಿನ ದೇವರು ಎಲ್ಲಿ, ಮಾರಿ ಎಲ್ಲಿ, ವೀರು, ಕಲ್ಲುಗುಡಿ, ಅಬ್ಬಿ ಎಲ್ಲಿ ಎಂಬುದು ಹಿರಿಯರಿಗೆ ಗೊತ್ತಿತ್ತು. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಶಾಲೆ ಕಲಿತ ಸೋಲಿಗ ಯುವಕರು ಸಂಶೋಧನಾ ಸಂಸ್ಥೆಯೊಂದರ ನೆರವಿನಿಂದ, ಕೈಯಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಯಂತ್ರ ಇಟ್ಟುಕೊಂಡು ಅಜ್ಜಂದಿರ ಹಿಂದೆ ನಡೆದರು. ಅಜ್ಜ ಒಂದು ಕಲ್ಲಿನ ಬಳಿ ನಿಂತು ಹೆಸರು ಹೇಳಿದರೆ ಇವರು ಬರೆದುಕೊಂಡರು. ಹೀಗೆ ನೂರಾರು ತಾಣಗಳ ನಕ್ಷೆ ತಯಾರಾಯಿತು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಪ್ಪತ್ತೈದು ಪೋಡುಗಳಿಗೆ ಸಾಮುದಾಯಿಕ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹಾಗೆ ಸಿಕ್ಕಿದ್ದು ಅದೇ ಮೊದಲು. ನಕ್ಷೆಯಲ್ಲಿ ಹೆಸರುಗಳು ಸೋಲಿಗರ ನುಡಿಯಲ್ಲೇ ಇವೆ.